ನಾಲ್ಕು ಬೋಲ್ಟಿನ ಮನೆ

ನನಗೆ ಮೊಳೆ ಹೊಡೆಯಲು ಬರುವುದಿಲ್ಲ. ಇದನ್ನು ವಿನಯದಿಂದ ಹೇಳುತ್ತಿಲ್ಲ. ನಮ್ಮ ಮನೆಯ ಗೋಡೆಗಳನ್ನು ನೋಡಿದವರಿಗೆ ಸಾಕ್ಷಿ ಸಮೇತ ಗೊತ್ತು. ಕ್ಯಾಲೆಂಡರ್ ತೂಗುಹಾಕಲು ನಾನು ಹೊಡೆದ ಮೊಳೆಗಳು ಒಂದೊಂದೂ ಒಂದೊಂದು ದಿಕ್ಕಿಗೆ ತಲೆ ಬಾಗಿಸಿ, ಯಾರಿಗೋ ನಮಸ್ಕಾರ ಮಾಡುತ್ತಿರುವಂತೆ ನಿಂತಿವೆ. ಆಳಂದದ ಹೈಸ್ಕೂಲಿನಲ್ಲಿ ಬಹಳ ವರ್ಷ ಭೂಗೋಳ ಕಲಿಸಿದವನು ನಾನು. ನದಿಗಳ ಉಗಮ, ಮಾರುತಗಳ ದಿಕ್ಕು, ಕಪ್ಪು ಮಣ್ಣಿನ ಗುಣ, ಇವು ಯಾವುದಕ್ಕೂ ಸುತ್ತಿಗೆ ಬೇಕಾಗುವುದಿಲ್ಲವೆಂದೇ ಆ ವಿಷಯವನ್ನು ಆರಿಸಿಕೊಂಡೆನೇನೋ. ಇಂಥ ನಾನು ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಮನೆ ಕಟ್ಟಿದೆ. ಅದೂ ಟ್ರಕ್ಕಿನ ಬೆನ್ನ ಮೇಲೆ. ‘ಕಟ್ಟಿದೆ’ ಎಂಬ ಮಾತಿಗೆ ಮನೆಯವರೆಲ್ಲ ತಕರಾರು ತೆಗೆಯುತ್ತಾರೆ. ಹಾಗಾಗಿ ‘ಕಟ್ಟುವಾಗ ಅಲ್ಲೇ ಇದ್ದೆ’ ಎಂದು ತಿದ್ದಿಕೊಳ್ಳುತ್ತೇನೆ.

ಯಾಕೆ ಕಟ್ಟಿದೆವು ಎಂಬುದನ್ನು ಹೇಳಬೇಕಾದರೆ ಒಂದು ನಿಚ್ಚಣಿಕೆಯ ಮಾತು ಬರುತ್ತದೆ. ಆ ಮಾತನ್ನು ನಾನು ಬಹಳ ದಿನ ಯಾರ ಮುಂದೂ ಆಡಿರಲಿಲ್ಲ. ನಮ್ಮ ಮಾಳಿಗೆಗೆ ಹತ್ತುವ ನಿಚ್ಚಣಿಕೆಯ ನಾಲ್ಕನೆಯ ಮೆಟ್ಟಿಲು ಸೀಳಿತ್ತು. ‘ನಾಳೆ ಸರಿ ಮಾಡ್ತೇನಿ’ ಎಂದು ನನ್ನ ಹೆಂಡತಿ ನೀಲಮ್ಮನಿಗೆ ಒಂದು ತಿಂಗಳು ಹೇಳುತ್ತ ಬಂದೆ. ಒಂದು ಮಧ್ಯಾಹ್ನ ನಾನು ಶಾಲೆಯಲ್ಲಿ ಹುಡುಗರಿಗೆ ಮಳೆಯ ಪಾಠ ಹೇಳುತ್ತಿದ್ದಾಗ ಮೋಡ ಕವಿಯಿತು. ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ತೋಯುತ್ತದೆಂದು ನೀಲಮ್ಮ ಹತ್ತಿದಳು. ಬಿದ್ದಳು. ಬೆನ್ನೆಲುಬಿಗೆ ಪೆಟ್ಟಾಯಿತು.

ಸೊಲ್ಲಾಪುರದ ಡಾಕ್ಟರು ಒಳ್ಳೆಯವರು. ನಡೆಯಬಹುದು, ಸ್ವಲ್ಪ ನಿಲ್ಲಬಹುದು, ಆದರೆ ಅರ್ಧ ತಾಸಿಗಿಂತ ಹೆಚ್ಚು ಕೂರಬಾರದು, ಬಸ್ಸಿನ ಕುಲುಕಾಟವಂತೂ ಬಿಲ್ಕುಲ್ ಬೇಡ ಎಂದರು. ಕೇಳುವಾಗ ಇದು ದೊಡ್ಡ ಶಿಕ್ಷೆ ಅನ್ನಿಸಲಿಲ್ಲ. ಆದರೆ ಮನುಷ್ಯರ ಲೋಕ ಪೂರ್ತಿ ಕೂತುಕೊಳ್ಳುವವರಿಗಾಗಿ ಮಾಡಿದ್ದು ಎಂದು ನಮಗೆ ಆಮೇಲೆ ತಿಳಿಯಿತು. ಮದುವೆಗೆ ಹೋದರೆ ಕೂರಬೇಕು, ಮಾತಾಡಿಸಲು ಹೋದರೆ ಕೂರಬೇಕು, ಬಸ್ಸಿನಲ್ಲಂತೂ ಸೀಟು ಸಿಗುವುದೇ ಭಾಗ್ಯ. ನೀಲಮ್ಮ ಎರಡು ವರ್ಷ ಊರ ಹೊರಗೆ ಕಾಲಿಡಲಿಲ್ಲ. ಅಫಜಲಪುರದಲ್ಲಿ ಅವಳ ಅಕ್ಕ ಗುರುಬಾಯಿ ಇದ್ದಾಳೆ. ಅಕ್ಕನ ಮಗಳ ಮದುವೆ ಆಯಿತು, ನಾನೊಬ್ಬನೇ ಹೋಗಿ ಬಂದೆ. ಬಂದು ಮದುವೆಯ ವಿಷಯ ಹೇಳಿದರೆ ನೀಲಮ್ಮ ಸೀರೆಯ ಬಣ್ಣ ಕೇಳಲಿಲ್ಲ, ಅಡುಗೆ ಏನಿತ್ತೆಂದು ಕೇಳಲಿಲ್ಲ. ಗೋಡೆಯ ಕಡೆ ಹೊರಳಿದಳು. ನನಗೆ ಹೆದರಿಕೆ ಹುಟ್ಟಿದ್ದು ಆವತ್ತು. ಮೂರು ದಿನ ನಡೆದ ಮದುವೆಯ ಬಗ್ಗೆ ನೀಲಮ್ಮ ಒಂದು ಪ್ರಶ್ನೆಯನ್ನೂ ಕೇಳದೆ ಬಿಟ್ಟಳೆಂದರೆ ಒಳಗೆ ಏನೋ ಆರುತ್ತಿದೆ ಎಂದೇ ಅರ್ಥ.

ಎತ್ತಿನ ಗಾಡಿಯಲ್ಲಿ ಹೊರಸು, ಅಂದರೆ ಹಗ್ಗದ ಮಂಚ, ಇಟ್ಟು ಮಲಗಿಸಿಕೊಂಡು ಹೋಗೋಣವೇ ಎಂದು ಕೇಳಿದೆ.

“ಹಾದಿ ತುಂಬ ಮಂದಿ ನಿಂತು ಏನಾಗ್ಯಾದ ಅಂತ ಕೇಳ್ತಾರ. ನಾ ಮುಗಿಲ ನೋಡಕೋತ ಮಲಗಿ ಎಲ್ಲರಿಗೂ ಜವಾಬ ಕೊಡಬೇಕು. ಒಲ್ಲೆ,” ಅಂದಳು.

ಅವಳ ಮಾತು ಸರಿಯಿತ್ತು. ಹಿಂದೆ ತವರಿಗೆ ಹೋಗುವ ಹೆಣ್ಣುಮಗಳ ಗಾಡಿಗೆ ಕಮಾನು ಕಟ್ಟಿ ಪರದೆ ಬಿಡುತ್ತಿದ್ದರು. ದೊಡ್ಡವರು ಮೇನೆಯಲ್ಲಿ ಹೋಗುತ್ತಿದ್ದರು. ಲಮಾಣಿ ಜನ ಎತ್ತುಗಳ ಮೇಲೆ ಉಪ್ಪು, ಧಾನ್ಯ, ಕೂಸು, ಅಡುಗೆ ಪಾತ್ರೆ ಎಲ್ಲ ಹೇರಿಕೊಂಡು ದಖ್ಖನ್ನಿನ ಉದ್ದಗಲ ತಿರುಗಿದರು. ಮನೆಯನ್ನೇ ಜೊತೆಗೆ ಒಯ್ಯುವುದು ಹೊಸ ವಿದ್ಯೆಯಲ್ಲ. ನಾವು ಬಸ್ಸು ಬಂದ ಮೇಲೆ ಮರೆತದ್ದು, ಅಷ್ಟೇ. ಇದನ್ನೆಲ್ಲ ತರಗತಿಯಲ್ಲಿ ಹೇಳುವ ಹಾಗೆ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿರುವಾಗ ನನಗೆ ಶಿವಶರಣಪ್ಪನ ನೆನಪಾಯಿತು. ಅವನು ನೀಲಮ್ಮನ ತಮ್ಮ, ಜೇವರ್ಗಿಯಲ್ಲಿ ನೆಲೆಸಿದವನು. ತೊಗರಿ ಚೀಲ ಹೊರುವ ಹಳೆಯದೊಂದು ಸಣ್ಣ ಟ್ರಕ್ಕು ಅವನ ಬಳಿ ಇತ್ತು. ತೊಗರಿ ಸುಗ್ಗಿ ಮುಗಿದರೆ ಅದು ಬೇವಿನ ಗಿಡದ ಕೆಳಗೆ ನಿಂತು ಕೋಳಿಗಳಿಗೆ ಆಸರೆಯಾಗುತ್ತಿತ್ತು. ಒಂದು ಇನ್‌ಲ್ಯಾಂಡ್ ಪತ್ರದಲ್ಲಿ ಎರಡು ಪುಟ ತುಂಬ ನನ್ನ ಯೋಜನೆ ಬರೆದೆ. ಅವನು ಒಂದು ಸಾಲಿನ ಉತ್ತರ ಹಾಕಿದ. “ಶಾಲಿ ಸೂಟಿ ಬಿಟ್ಟ ಕೂಡಲೆ ಗಾಡಿ ತರ್ತೇನಿ, ಆದರ ತೊಗರಿ ಟೈಮಿಗೆ ಗಾಡಿ ಖುಲ್ಲಾ ಆಗಬೇಕು.” ಅದಕ್ಕೇ ನಮ್ಮ ಮನೆ ನಾಲ್ಕು ಬೋಲ್ಟುಗಳ ಮೇಲೆ ನಿಂತದ್ದು. ಬಿಚ್ಚಿದರೆ ಇಳಿಯಬೇಕು, ಬಿಗಿದರೆ ಹೊರಡಬೇಕು.

ಕಟ್ಟುವ ಯಜಮಾನಿಕೆ ನಮ್ಮ ಬಸಣ್ಣ ಕಾಕಾನದು. ಕಾಕಾ ಅಂದರೆ ನಮ್ಮಪ್ಪನ ಕೊನೆಯ ತಮ್ಮ. ವಯಸ್ಸು ಅರವತ್ತೈದಾದರೂ ಬಡಗಿಯ ಬಾಚಿ ಹಿಡಿದರೆ ಕೈ ನಡುಗುತ್ತಿರಲಿಲ್ಲ. ಹೊಲದ ಕೊಟ್ಟಿಗೆ, ಬಂಡಿ, ಕಣದ ಮಂಚಿಕೆ ಎಲ್ಲ ಅವನೇ ಮಾಡಿಕೊಳ್ಳುತ್ತಿದ್ದ. ಆದರೆ ನಮ್ಮ ಕಡೆ ಮನೆ ಅಂದರೆ ಕಲ್ಲು. ಗೋಡೆಗೆ ಕಲ್ಲು, ನೆಲಕ್ಕೆ ಶಹಾಬಾದಿ ಫರಸಿ, ಅಂಗಳದ ಕಟ್ಟೆಗೆ ಕಲ್ಲು, ಒಗೆಯಲು ಕಲ್ಲು. ಗಾಳಿಗೆ ಅಲುಗಾಡುವ ಯಾವುದನ್ನೂ ಕಾಕಾ ಮನೆಯೆಂದು ಒಪ್ಪುವವನಲ್ಲ. ಮೊದಲ ದಿನವೇ ಕೇಳಿದ.

“ಒಳಗ ಫರಸಿ ಹಾಸೋಣೇನು? ಬ್ಯಾಸಿಗಿ ಅದ, ನೀಲಮ್ಮಗ ತಂಪ ಇರ್ತದ.”

ಶಿವಶರಣಪ್ಪ ತನ್ನ ಟ್ರಕ್ಕಿನ ಸ್ಪ್ರಿಂಗುಗಳ ಕಡೆ ನೋಡಿದ. “ಕಾಕಾ, ಗಾಡಿ ಇಲ್ಲೇ ಕೂತು ಬಿಡ್ತದ್ರಿ,” ಅಂದ. ಕಾಕಾ ಮನಸ್ಸಿಲ್ಲದ ಮನಸ್ಸಿನಿಂದ ಕಟ್ಟಿಗೆಗೆ ಒಪ್ಪಿದ. ಹಳೆಯ ಕೊಟ್ಟಿಗೆಯ ತೊಲೆಗಳನ್ನು ಸೀಳಿ ಚೌಕಟ್ಟು ಮಾಡಿದ. ಕಿರಾಣಿ ಅಂಗಡಿಯಿಂದ ಚಹಾಪುಡಿಯ ದೊಡ್ಡ ಪೆಟ್ಟಿಗೆಗಳನ್ನು ತಂದು ಒಡೆದು ಒಳಗೋಡೆ ಮಾಡಿದೆವು; ಆ ಮನೆಯಲ್ಲಿ ಕಡೆಯವರೆಗೂ ಚಹಾದ ವಾಸನೆ ಹೋಗಲಿಲ್ಲ. ಮೇಲೆ ತಗಡು. ಬಿಸಿಲು ತಡೆಯಲು ಹೊರಗೋಡೆಗೆ ಕಣಿಕೆಯ ಹೊರೆ, ಅಂದರೆ ಜೋಳದ ಒಣದಂಟು, ಒತ್ತಾಗಿ ಕಟ್ಟಿದೆವು. ಈ ಕಣಿಕೆಯ ವಿಚಾರ ನನ್ನದು. ಉಷ್ಣವಾಹಕಗಳ ಬಗ್ಗೆ ಒಂದು ಸಣ್ಣ ಉಪನ್ಯಾಸವನ್ನೂ ಕೊಟ್ಟೆ. ಕಾಕಾ ಕೇಳಿಸಿಕೊಂಡು, “ಮಾಸ್ತರ, ಆ ಹಗ್ಗ ಜರಾ ಇತ್ತಾಗ ಕೊಡು,” ಅಂದ. ಹಗ್ಗ ಕೊಡುವುದು, ಹಲಗೆ ಹಿಡಿಯುವುದು, ಗರಗಸಕ್ಕೆ ಎಣ್ಣೆ ಹಚ್ಚುವುದು, ಇವು ನನಗೆ ಬಿಟ್ಟ ಇಲಾಖೆಗಳು.

ನೀಲಮ್ಮ ಎರಡು ದಿನ ಹೊರಗೆ ಬರಲಿಲ್ಲ. ಅಂಗಳದ ಬಡಿತ ಅವಳ ಕೋಣೆಗೆ ಕೇಳುತ್ತಿತ್ತು, ಏನೆಂದು ಕೇಳಲಿಲ್ಲ. ಮೂರನೆಯ ದಿನ ಚೌಕಟ್ಟು ನಿಂತಿತು. ನಾವು ಮೂವರೂ ಗಂಡಸರು ಟ್ರಕ್ಕಿನ ಮೇಲೆ ಹಾರಿ, ಇಳಿದು, ಮತ್ತೆ ಹಾರಿ ಅದರ ಗಟ್ಟಿತನ ಹೊಗಳುತ್ತಿದ್ದಾಗ ಬಾಗಿಲ ಹತ್ತಿರ ದನಿ ಕೇಳಿತು. ನೀಲಮ್ಮ ತೋಳುಗಂಬ ಹಿಡಿದು ನಿಂತಿದ್ದಳು.

“ಎಲ್ಲಾ ಬರೋಬ್ಬರಿ ಅದ. ನಾ ಮ್ಯಾಲ ಹ್ಯಾಂಗ ಏರ್ಲಿ?” ಅಂದಳು.

ಟ್ರಕ್ಕಿನ ಹಲಗೆ ನನ್ನ ಎದೆಯ ಮಟ್ಟಕ್ಕಿತ್ತು. ಆ ಮನೆ ಯಾರಿಗಾಗಿಯೋ ಅವಳು ಹತ್ತುವ ಬಗೆಯನ್ನು ನಾವು ಮೂವರೂ ಯೋಚಿಸಿರಲಿಲ್ಲ. ಕಾಕಾ ಬಾಯಿ ತಪ್ಪಿ, “ನಿಚ್ಚಣಕಿ ಹಚ್ಚಿದರಾತು,” ಅಂದುಬಿಟ್ಟ. ನಾನು ಗರಗಸಕ್ಕೆ ಎಣ್ಣೆ ಹಚ್ಚತೊಡಗಿದೆ. ಅದಕ್ಕೆ ಆಗಲೇ ಸಾಕಷ್ಟು ಎಣ್ಣೆ ಇತ್ತು.

ನೀಲಮ್ಮನೇ ಹೇಳಿದಳು. “ಗಾಡಿ ಹಿಂದಿನ ಫಳಿ, ಆ ಹಲಗಿ, ಕೆಳಗ ಇಳೀತದಲ್ಲ, ಅದಕ್ಕ ಇನ್ನೊಂದು ಉದ್ದನ ಫಳಿ ಜೋಡಸ್ರಿ. ಕಣದಾಗ ಬಂಡಿ ಏರಸ್ತಾರಲ್ಲ, ಹಂಗ ಇಳಿಜಾರ ಆಗ್ತದ. ಅಡ್ಡಪಟ್ಟಿ ಬಡೀರಿ, ಕಾಲು ಜಾರಬಾರದು. ಒಂದು ಕಡೆ ಹಿಡಕೊಳ್ಳಾಕ ಬಳ್ಳಿ, ಉದ್ದನ ಗಳ.” ಇಷ್ಟು ಹೇಳಿ ಒಳಗೆ ಹೋಗಿ ಮಲಗಿದಳು. ಕಾಕಾ ಆ ದಿನದಿಂದ ಅವಳನ್ನು ‘ಇಂಜಿನಿಯರ್ ಬಾಯಿ’ ಅನ್ನತೊಡಗಿದ. ಏನೇ ಸಂಶಯ ಬಂದರೂ ಕಿಟಕಿಯ ಹತ್ತಿರ ಹೋಗಿ ಕೇಳುವುದು, ಅವಳು ಹಾಸಿಗೆಯಿಂದಲೇ ಜವಾಬು ಹೇಳುವುದು ಪದ್ಧತಿಯಾಯಿತು.

ಎಂಟನೆಯ ದಿನ ಪರೀಕ್ಷೆ. ನೀಲಮ್ಮನಷ್ಟೇ ಎತ್ತರದವನು, ಬೇರೆ ಉಪಯೋಗಕ್ಕೆ ಬಾರದವನು ನಾನೇ ಆದ್ದರಿಂದ ರೋಗಿಯ ಪಾತ್ರ ನನಗೆ ಬಂತು. ಹೊರಸನ್ನು ನೆಲಕ್ಕೆ ಮೊಳೆ ಹೊಡೆದು ಕೂಡಿಸಿದ್ದರು. ನಾನು ಮಲಗಿದೆ. ಶಿವಶರಣಪ್ಪ ಹತ್ತಿರದ ಜಿಡಗಾ ಊರಿನ ಹಾದಿ ಹಿಡಿದ. ಮೊದಲ ತಗ್ಗಿಗೆ ನಾನು ಹೊರಸಿನಿಂದ ಒಂದು ಗೇಣು ಮೇಲೆದ್ದೆ. ಎರಡನೆಯದಕ್ಕೆ ಹೊರಸಿನ ಅಂಚು ನನ್ನ ಸೊಂಟವನ್ನು ಹುಡುಕಿಕೊಂಡು ಬಂತು. ಮೂರನೆಯದರಲ್ಲಿ ಮೂಲೆಯಲ್ಲಿಟ್ಟಿದ್ದ ಕೊಡದ ನೀರು ನನ್ನ ಮೇಲೆ ಬಂತು. ಕೂಗಿದರೆ ಮುಂದೆ ಕೂತವರಿಗೆ ಕೇಳುತ್ತಿರಲಿಲ್ಲ. ಆದರೆ ನಾನು ಹೇಳಬೇಕಾದದ್ದು ಆ ಕುಲುಕಾಟದ ಮಾತಲ್ಲ. ಹೋಗಿ ಬರುವ ಆ ಒಂದು ತಾಸು ನನ್ನ ಕಣ್ಣಿಗೆ ತಗಡೊಂದೇ ಕಂಡಿತು. ಕಿಟಕಿಯನ್ನು ನಿಂತವರ ಎತ್ತರಕ್ಕೆ ಕೊರೆದಿದ್ದೆವು. ಹೊರಗೆ ಯಾವ ಊರು ಬಂತು, ಯಾವ ಗಿಡ ಹೋಯಿತು, ಏನೂ ಗೊತ್ತಾಗಲಿಲ್ಲ. ಪ್ರಯಾಣ ಮಾಡಿಯೂ ನಾನು ಎಲ್ಲಿಗೂ ಹೋಗಿರಲಿಲ್ಲ.

ಮನೆಗೆ ಬಂದು ನೀಲಮ್ಮನ ಕೋಣೆಗೆ ಹೋದೆ. ಎರಡು ವರ್ಷ ದಿನಕ್ಕೆ ಹತ್ತು ಸಲ ಹೋಗಿದ್ದೆ, ಮೇಲೆ ನೋಡಿರಲಿಲ್ಲ. “ಆ ತೊಲಿ ಮ್ಯಾಲ ಏನದ?” ಎಂದು ಕೇಳಿದೆ. ಅವಳು ತಲೆ ಎತ್ತದೆ ಹೇಳಿದಳು.

“ಮೂರನೇ ತೊಲಿಗೆ ಒಂದು ಗಂಟು ಅದ, ಎಮ್ಮಿ ಕಣ್ಣಿನಂಗ. ಮಳಿಗಾಲದಾಗ ಕಪ್ಪಾಗ್ತದ, ಬ್ಯಾಸಿಗ್ಯಾಗ ತಿಳಿ ಆಗ್ತದ. ಈಗ ತಿಳಿ ಆಗ್ಯಾದ.”

ಹೊರಗೆ ಬಂದು ಕಾಕಾನಿಗೆ, ಕಿಟಕಿ ಕೆಳಗೆ ಬರಬೇಕು, ಮಲಗಿದವರ ಕಣ್ಣಿಗೆ ಸರಿಯಾಗಿ, ಕೈ ಚಾಚಿದರೆ ಹೊರಗೆ ಹೋಗುವಷ್ಟು ದೊಡ್ಡದಾಗಿ ಎಂದೆ. ಗೋಡೆ ಹಾಳಾಗುತ್ತದೆ ಎಂದ ಕಾಕಾ. ಹಾಳಾಗಲಿ ಎಂದೆ. ಆ ಬೇಸಿಗೆಯಲ್ಲಿ ನಾನು ಒತ್ತಾಯದಿಂದ ಮಾಡಿಸಿದ್ದು ಅದೊಂದೇ. ಅದು ಸರಿಯಾಗಿಯೂ ಇತ್ತು.

ಹೊರಸಿನ ಸಮಸ್ಯೆಯನ್ನು ಇಂಜಿನಿಯರ್ ಬಾಯಿ ಬಿಡಿಸಿದಳು. “ಕೂಸಿನ ತೊಟ್ಟಿಲಾ ನೆಲಕ್ಕ ಬಡೀತಾರೇನು?” ಎಂದಳು. ನಾಲ್ಕು ಮೂಲೆಯ ಹಗ್ಗಗಳಿಂದ ಹೊರಸನ್ನು ತೂಗುಬಿಟ್ಟೆವು. ಹಗ್ಗದ ತುದಿಗೆ ಶಿವಶರಣಪ್ಪನ ಹಳೆಯ ಟೈರಿನ ಟ್ಯೂಬುಗಳನ್ನು ಸೇರಿಸಿದೆವು. ಬದಿಗೆ ಹೋಗಿ ಗೋಡೆಗೆ ಬಡಿಯದಂತೆ ಕೆಳಗಿನಿಂದ ಎರಡು ಎಳೆಹಗ್ಗ. ಎರಡನೆಯ ಪರೀಕ್ಷೆಯಲ್ಲಿ ನಾನು ಜಿಡಗಾ ಮುಟ್ಟುವ ಮೊದಲೇ ನಿದ್ದೆಹೋದೆ. ಎಬ್ಬಿಸಲು ಬಂದ ಕಾಕಾ, “ಪಾಸಾತು,” ಅಂದನಂತೆ.

ಹೊರಡುವ ದಿನ ಬೆಳಗಾಗುತ್ತಲೇ ಓಣಿಯ ಹೆಂಗಸರು ಕಟ್ಟೆಗಳ ಮೇಲೆ ನಿಂತಿದ್ದರು. ನೀಲಮ್ಮನಿಗೆ ಅಂಜಿಕೆ ಇದ್ದದ್ದೇ ಇದಕ್ಕೆ. ಅವಳು ಹಸಿರು ಸೀರೆ ಉಟ್ಟು ಬಂದಳು, ಬಳ್ಳಿ ಹಿಡಿದು ಇಳಿಜಾರಿನ ಮೇಲೆ ಹೆಜ್ಜೆ ಇಟ್ಟಳು. ಅರ್ಧಕ್ಕೆ ನಿಂತಳು. ನಾನು ಹಿಂದೆ ಕೈ ಚಾಚಿ ನಿಂತಿದ್ದೆ; ಮುಟ್ಟಿದರೆ ಸಿಟ್ಟಾಗುತ್ತಾಳೆ, ಮುಟ್ಟದಿದ್ದರೆ ನನಗೆ ಜೀವ ನಿಲ್ಲುವುದಿಲ್ಲ. ಎದುರುಮನೆಯ ಮುದುಕಿ ಕೇಳಿದಳು.

“ಎಲ್ಲಿಗಿ ಹೊಂಟಿ ಬೇ ನೀಲಮ್ಮ?”

“ಅಕ್ಕನ ಊರಿಗಿ ಹೋಗಿ ಬರ್ತೇನಿ,” ಅಂದಳು ನೀಲಮ್ಮ. ಏನಾಗಿದೆ ಎಂದು ಯಾರೂ ಕೇಳಲಿಲ್ಲ. ಎಲ್ಲಿಗೆ ಎಂದಷ್ಟೇ ಕೇಳಿದರು. ಉಳಿದ ಅರ್ಧ ಇಳಿಜಾರನ್ನು ಅವಳು ಬಳ್ಳಿ ಬಿಟ್ಟು ಹತ್ತಿದಳು.

ಅಫಜಲಪುರ ಮುಟ್ಟುವವರೆಗೆ ಅವಳು ಕಿಟಕಿಯಿಂದ ಕಣ್ಣು ಕೀಳಲಿಲ್ಲ. ನಾನು ಒಳಗೆ ಒಂದು ಸ್ಟೂಲಿನ ಮೇಲೆ ಕೂತು, ಇದು ಇಂಥ ಊರು, ಇದು ಇಂಥ ಮಣ್ಣು ಎಂದು ಹೇಳಲು ಹೋದೆ. “ಜರಾ ಸುಮ್ಮನ ಕೂಡ್ರಿ, ನಾ ನೋಡಾಕತ್ತೇನಿ,” ಅಂದಳು. ಉಳುಮೆ ಮಾಡಿ ಬಿಸಿಲಿಗೆ ಬಿಟ್ಟ ಕರಿ ಹೊಲಗಳನ್ನು ಅವಳು ಹಾಗೆ ನೋಡುವುದನ್ನು ನೋಡಿದರೆ, ಅಲ್ಲಿ ಏನೋ ಬೆಳೆದು ನಿಂತಿದೆ ಎನ್ನಬೇಕು.

ಗುರುಬಾಯಿ ಗಟ್ಟಿ ಹೆಂಗಸು. ಟ್ರಕ್ಕು ಮನೆಯ ಮುಂದೆ ನಿಂತದ್ದೇ, ಫಳಿ ಇಳಿಸುವ ತನಕವೂ ಕಾಯದೆ ಚಕ್ರದ ಮೇಲೆ ಕಾಲಿಟ್ಟು ಹತ್ತಿ ಒಳಗೆ ಬಂದಳು. ಹೊರಸಿನ ಅಂಚಿಗೆ ಕೂತಳು. ಹೊರಸು ತೊಟ್ಟಿಲಿನಂತೆ ತೂಗಿತು. ಗುರುಬಾಯಿ ಗಾಬರಿಯಾಗಿ ತಂಗಿಯನ್ನು ಹಿಡಿದುಕೊಂಡಳು. ಆಮೇಲೆ ಇಬ್ಬರೂ ನಗತೊಡಗಿದರು, ನಡುನಡುವೆ ಅತ್ತರು, ಮತ್ತೆ ನಕ್ಕರು. ನಾನೂ ಶಿವಶರಣಪ್ಪನೂ ಟೈರು ನೋಡುವ ನೆವದಲ್ಲಿ ಕೆಳಗಿಳಿದೆವು.

ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಮನೆಗೆ ಒಂದು ಗೋಡೆ ಕಡಿಮೆಯಿತ್ತು. ಗುರುಬಾಯಿಯ ಎತ್ತುಗಳು ಹಗ್ಗ ಸಡಿಲಿಸಿಕೊಂಡು ಎಡಗಡೆಯ ಕಣಿಕೆಯನ್ನು ತಿಂದು, ಹಿಂಭಾಗದ್ದಕ್ಕೆ ಬಾಯಿಹಾಕಿದ್ದವು. ಉಷ್ಣವಾಹಕಗಳ ನನ್ನ ಉಪನ್ಯಾಸದಲ್ಲಿ ಎತ್ತುಗಳ ಪ್ರಸ್ತಾಪ ಇರಲಿಲ್ಲ. ಗುರುಬಾಯಿ ಹಳೆಯ ಎರಡು ಕೌದಿ ತಂದು ಆ ಕಡೆ ಬಿಗಿದು ಹೊಲಿದಳು. ಬಣ್ಣಬಣ್ಣದ ತುಂಡುಗಳ ಕೌದಿ ಹೊದ್ದ ಟ್ರಕ್ಕು ಮೊದಲಿಗಿಂತ ಚಂದವಾಯಿತು.

ನಮ್ಮ ಯೋಜನೆ ಅಲ್ಲಿಂದ ವಾಪಸು ಹೊರಡುವುದಿತ್ತು. ಮೂರನೆಯ ದಿನ ನೀಲಮ್ಮ ತಾನಾಗಿ ಕೇಳಿದಳು. “ಕರಜಗಿಗೆ ಹೋಗಿ ಬರೋಣೇನು? ಅಪ್ಪನ ಹೊಲ ನೋಡಿ ಭಾಳ ದಿನ ಆತು.” ಕರಜಗಿ ಅವರ ಹುಟ್ಟೂರು. ತಂದೆ ತೀರಿಕೊಂಡ ಮೇಲೆ ಶಿವಶರಣಪ್ಪ ಜೇವರ್ಗಿ ಸೇರಿದ್ದ, ಹೊಲ ದಾಯಾದಿಗಳ ಕೈಗೆ ಹೋಗಿತ್ತು. ಜಗಳವೇನೂ ಇರಲಿಲ್ಲ, ಹೋಗುವ ಕಾರಣ ಇರಲಿಲ್ಲ ಅಷ್ಟೇ. ಎರಡು ವರ್ಷದಲ್ಲಿ ಅವಳು ಬೇಕೆಂದು ಕೇಳಿದ ಮೊದಲ ಜಾಗ ಅದು. ಗುರುಬಾಯಿಯೂ ಹತ್ತಿದಳು. ಮಧ್ಯಾಹ್ನ ಊಟ ಮುಗಿಸಿ ಹೊರಟೆವು.

ಅರ್ಧ ಹಾದಿಯಲ್ಲಿ ಬೇಸಿಗೆಯ ಅಡ್ಡಮಳೆ ಹಿಡಿಯಿತು. ಆಲಿಕಲ್ಲು ತಗಡಿನ ಮೇಲೆ ಬಿದ್ದು ಒಳಗೆ ಮಾತು ಕೇಳಿಸದಂತಾಯಿತು. ಮುಂದೊಂದು ಹಳ್ಳ. ಸೇತುವೆ ಇಲ್ಲ, ಹಳ್ಳದ ತಳದಲ್ಲೇ ರಸ್ತೆ. ನಾವು ಹೋಗಿ ನಿಲ್ಲುವಷ್ಟರಲ್ಲಿ ರಾಡಿ ನೀರು ಆಳೆತ್ತರ ಹರಿಯುತ್ತಿತ್ತು. ನಮ್ಮ ಮುಂದೆ ಒಂದು ಬಸ್ಸು ನಿಂತಿತ್ತು. ಹಿಂದೆ ತಿರುಗಿಸೋಣವೆಂದರೆ ರಸ್ತೆಯ ಎರಡೂ ಬದಿ ಕರಿಮಣ್ಣು ನೆನೆದು ಅಂಟಾಗಿತ್ತು. ಚಕ್ರ ಇಳಿದರೆ ಎತ್ತಲು ಹತ್ತು ಎತ್ತು ಬೇಕು. “ನೀರಿಳಿಯೂತನಕ ಇಲ್ಲೇ ಇರೋದ್ರಿ,” ಅಂದ ಶಿವಶರಣಪ್ಪ.

ಆಲಿಕಲ್ಲು ನಿಂತು ಬರೀ ಮಳೆ ಉಳಿದ ಆ ಹೊತ್ತಿನಲ್ಲಿ ಗುರುಬಾಯಿ ಮುಂದೆ ತಮ್ಮನ ಜೊತೆ ಕೂತಿದ್ದಳು. ಒಳಗೆ ನಾವಿಬ್ಬರೇ. ಹೊರಗೆ ಏನೂ ಕಾಣುತ್ತಿರಲಿಲ್ಲ. ನನಗೆ ಯಾಕೋ ಆಗ ಬಾಯಿ ಬಂತು.

“ನೀಲಮ್ಮ, ಆ ನಿಚ್ಚಣಕಿ ಮೆಟ್ಟಲ ನಾ ಸರಿ ಮಾಡಬೇಕಿತ್ತು. ಒಂದು ತಿಂಗಳ ತನಕ ನಾಳಿ ನಾಳಿ ಅಂದೆ.”

ಅವಳು ಕಿಟಕಿಯ ಕಡೆಗೇ ಮುಖಮಾಡಿ ಮಲಗಿದ್ದಳು. “ಈ ಮಾತು ನೀವಾಗೇ ಎತ್ತತೀರಿ ಅಂತ ಎರಡು ವರ್ಷದಿಂದ ಕಾಯಾಕತ್ತೇನಿ,” ಅಂದಳು.

“ಸಿಟ್ಟಿತ್ತೇನು?”

“ಇತ್ತು. ಬಿದ್ದದ್ದಕ್ಕಲ್ಲ. ನೀವು ಅದರ ಮಾತೇ ಆಡವಲ್ರಿ. ಗುಳಿಗಿ ಕೊಡ್ತೀರಿ, ಎಣ್ಣಿ ಹಚ್ಚತೀರಿ, ಕಣ್ಣು ನೋಡಂಗಿಲ್ಲ.” ಆಮೇಲೆ ನನ್ನ ಕಡೆ ಹೊರಳಿದಳು. “ಮೆಟ್ಟಲ ಸೀಳಿದ್ದು ನನಗೂ ಗೊತ್ತಿತ್ತು. ಗೊತ್ತಿದ್ದೇ ಏರಿದೆ. ಮೆಣಸಿನಕಾಯಿ ತೊಯ್ತಾವಂತ.”

ನಾನು ಅತ್ತೆನೋ ಇಲ್ಲವೋ ಹೇಳುವುದಿಲ್ಲ. ತಗಡು ಸೋರುತ್ತಿದ್ದುದರಿಂದ ಮುಖ ಹೇಗೂ ಒದ್ದೆಯಾಗಿತ್ತು. ನೀಲಮ್ಮ ತಲೆದಿಂಬಿನ ಕೆಳಗಿನ ಟವೆಲು ಕೊಟ್ಟು, “ಮಳಿ ಕಮ್ಮಿ ಆಗ್ಯಾದ, ಆ ಬಸ್ಸಿನಾಗ ಕೂಸುಗಳು ಅಳಾಕತ್ತಾವ. ಸ್ಟೋ ಹಚ್ಚರಿ,” ಅಂದಳು.

ಮುಂದಿನ ಎರಡು ತಾಸು ನಾನು ಮರೆಯಲಾರೆ. ಹಳ್ಳದ ದಂಡೆಗೆ ಹಟ್ಟಿ ಹಾಕಿದ್ದ ಕುರುಬರ ಬಳಿ ಶಿವಶರಣಪ್ಪ ಮೇಕೆಯ ಹಾಲು ಕೇಳಿ ತಂದ. ಗುರುಬಾಯಿ ಸ್ಟೋವಿಗೆ ಗಾಳಿ ಹೊಡೆದಳು. ನೀಲಮ್ಮ ಹೊರಸಿನಲ್ಲಿ ಮಲಗಿದಂತೆಯೇ ಆ ದೊಡ್ಡ ಕಿಟಕಿಯಿಂದ ಚಹಾದ ಲೋಟ ಕೊಡುತ್ತ ಹೋದಳು. ಮೂವತ್ತು ನಲವತ್ತು ಜನ ಸಾಲಾಗಿ ಬಂದರು. ಲೋಟ ಇದ್ದದ್ದು ಆರು. ಕುಡಿದವರು ಮಳೆನೀರಿನಲ್ಲೇ ತೊಳೆದು ಹಿಂದಿನವರಿಗೆ ಕೊಡಬೇಕು. ಯಾರಿಗೆ ಮೊದಲು, ಯಾರಿಗೆ ಸಕ್ಕರೆ ಹೆಚ್ಚು, ಯಾವ ಮುದುಕನಿಗೆ ಹೊದಿಕೆ ಬೇಕು, ಎಲ್ಲ ಅವಳ ಹುಕುಂ. ಒಬ್ಬ ಬಸುರಿ ಹೆಣ್ಣುಮಗಳು ಬಸ್ಸಿನಲ್ಲಿ ಕೂತು ಕೂತು ಕಾಲು ಬಾತು ನಿಂತಿದ್ದಳು. ನೀಲಮ್ಮ ಎದ್ದು ತನ್ನ ಹೊರಸನ್ನು ಅವಳಿಗೆ ಕೊಟ್ಟು, ತಾನು ಇಳಿಜಾರಿನ ಬಳ್ಳಿ ಹಿಡಿದು ನಿಂತು ಚಹಾ ಹಂಚಿದಳು. ಬಸ್ಸಿನ ಕಂಡಕ್ಟರ್ ಲೋಟ ವಾಪಸು ಕೊಡುತ್ತ ಕೇಳಿದ.

“ಬಾಯಾರ, ಈ ಹೋಟೆಲ್ಲು ದಿನಾ ಇಲ್ಲೇ ಇರ್ತದೇನ್ರಿ?”

“ಹಳ್ಳ ಬಂದಾಗ ಇರ್ತದ್ರಿ,” ಅಂದಳು ನೀಲಮ್ಮ. ಹೇಳಿ ನಕ್ಕಳು; ಅಳು ಬೆರೆಯದ ಆ ನಗು ನಾನು ಎರಡು ವರ್ಷದಿಂದ ಕೇಳಿರಲಿಲ್ಲ.

ಹೊತ್ತು ಮುಳುಗುವ ಮೊದಲು ನೀರು ಇಳಿಯಿತು. ಬಸ್ಸು ದಾಟಿತು, ಹಿಂದೆ ನಾವು ದಾಟಿದೆವು. ಮರುದಿನ ಬೆಳಿಗ್ಗೆ ಕರಜಗಿಯಲ್ಲಿ ತಂದೆಯ ಹೊಲಕ್ಕೆ ಹೋದರೆ ಅಲ್ಲಿ ಕಬ್ಬು ನಿಂತಿತ್ತು. ಅವರ ಕಾಲಕ್ಕೆ ಅದು ಜೋಳದ ಹೊಲ. ಗುರುಬಾಯಿಗೆ ಗುರುತೇ ಹತ್ತದೆ ಬೇಸರವಾಯಿತು. ನೀಲಮ್ಮ ಮಾತ್ರ ಬದುವಿನ ಗುಂಟ ನಿಧಾನವಾಗಿ ನಡೆದು ಹೋಗಿ, ಕಬ್ಬಿನ ಗರಿಗಳೊಳಗೆ ಕೈಯಾಡಿಸಿ, “ಚಲೋ ಬೆಳದಾರ,” ಅಂದಳು. ದಾಯಾದಿಯ ಹೆಂಡತಿ ಮನೆಗೆ ಕರೆದು ರೊಟ್ಟಿ, ಪುಂಡಿಪಲ್ಯ ಹಾಕಿದಳು. ಊಟಕ್ಕೆ ಕೂತಾಗ ನಾನು ಗಡಿಯಾರ ನೋಡುತ್ತಿದ್ದೆ. ಅರ್ಧ ತಾಸು ದಾಟಿ ಹತ್ತು ನಿಮಿಷವಾದಾಗ ಅವಳು ಸಾವಕಾಶ ಎದ್ದು, ನೋವಾಗುತ್ತಿದೆ ಎಂದು ನಾಚಿಕೆಯಿಲ್ಲದೆ ಹೇಳಿ, ಹೋಗಿ ತನ್ನ ಹೊರಸಿನಲ್ಲಿ ಮಲಗಿದಳು. ಆ ಮನೆಯ ಹೆಂಗಸರೆಲ್ಲ ಕಿಟಕಿಯ ಹೊರಗೆ ನಿಂತು ಮಾತು ಮುಂದುವರಿಸಿದರು.

ಅಲ್ಲಿಂದ ಅಫಜಲಪುರದಲ್ಲಿ ಗುರುಬಾಯಿಯನ್ನು ಇಳಿಸಿ, ಜೇವರ್ಗಿಗೆ ಹೋಗಿ ತಮ್ಮನ ಮನೆಯಲ್ಲಿ ಒಂದು ವಾರ ಇದ್ದು ಆಳಂದಕ್ಕೆ ಬಂದೆವು. ನೀಲಮ್ಮನ ಬೆನ್ನು ಪವಾಡದಂತೆ ಗುಣವಾಗಲಿಲ್ಲ. ಕಾಕಾ ಬೋಲ್ಟು ಬಿಚ್ಚಿದ. ಎಂಟು ಜನ ಸೇರಿ ಮನೆಯನ್ನು ಹಿತ್ತಲಿಗೆ ಇಳಿಸಿದರು. ಖಾಲಿ ಟ್ರಕ್ಕು ಜೇವರ್ಗಿಗೆ ಹೊರಟಾಗ, ಮುಗಿಯಿತಲ್ಲ ಎಂದುಕೊಂಡೆ. ಮಳೆಗಾಲ ಹೋಯಿತು, ಚಳಿಗಾಲ ಹೋಯಿತು, ತೊಗರಿ ಸುಗ್ಗಿ ಮುಗಿಯಿತು. ಇನ್ನೊಂದು ಸಲ ಶಿವಶರಣಪ್ಪನನ್ನು ಕೇಳುವುದು ಹೇಗೆ ಎಂದು ನಾನು ಇನ್‌ಲ್ಯಾಂಡ್ ಪತ್ರ ತಂದಿಟ್ಟುಕೊಂಡು ಮೊದಲ ಸಾಲಿಗೇ ತಡವರಿಸುತ್ತಿದ್ದೆ.

ಶಾಲೆಗೆ ಬೇಸಿಗೆಯ ಸೂಟಿ ಬಿಟ್ಟ ಮಾರನೆಯ ಬೆಳಿಗ್ಗೆ ಹಿತ್ತಲಿನಲ್ಲಿ ಹಾರ್ನ್ ಕೇಳಿತು. ಹೋಗಿ ನೋಡಿದರೆ ಟ್ರಕ್ಕು ಹಿಂದೆ ಹಿಂದೆ ಬರುತ್ತಿದೆ, ಕಾಕಾ ಕೈ ಬೀಸಿ ಜಾಗ ತೋರಿಸುತ್ತಿದ್ದಾನೆ, ಗುರುಬಾಯಿ ಮುಂದೆ ಕೂತಿದ್ದಾಳೆ. ನನಗೊಬ್ಬನಿಗೇ ಸುದ್ದಿ ಇರಲಿಲ್ಲ. ನೀಲಮ್ಮ ನಮ್ಮ ಹಿತ್ತಲ ಬೇವಿನ ನೆರಳಿನಲ್ಲಿ ನಿಂತು, ಒಯ್ಯಬೇಕಾದ ಸಾಮಾನಿನ ಪಟ್ಟಿ ಹಿಡಿದು ಓದುತ್ತಿದ್ದಳು. ನಾನು ಅವಳ ಹೆಗಲ ಮೇಲಿಂದ ಇಣುಕಿದೆ. ಲೋಟ ಹನ್ನೆರಡು ಎಂದಿತ್ತು, ಕೌದಿ ಎರಡು ಎಂದಿತ್ತು. ಆಮೇಲೆ ಸ್ಟೋವು, ಮಾಸ್ತರು, ಸೀಮೆಎಣ್ಣೆಯ ಡಬ್ಬಿ.